ಗರಗಸದ ಮುಂದೆ

ದೋನ್ಯಾ ಎವುಲಾಲಿಯಾ ಬುಟ್ಟಿಯಿಂದ ತೋರ್ತಿಯಾ ರೊಟ್ಟಿ ಸುತ್ತುವ ಬಟ್ಟೆಯನ್ನು ತೆಗೆದು ಮೇಜಿನ ಮೇಲೆ ಬಿಡಿಸಿದಳು. ಒಳಗಿದ್ದದ್ದು ಅವಳ ಮಗ ನಬೋರನ ಪಿಸ್ತೂಲು. ಅಪರಾಧ ತಗ್ಗಿಸಲೆಂದು ಮೆಕ್ಸಿಕೊ ಸರ್ಕಾರ ದೇಶದ ಉದ್ದಗಲಕ್ಕೂ ಚರ್ಚುಗಳ ಅಂಗಳದಲ್ಲಿ ಇಂಥ ಮೇಜುಗಳನ್ನು ಹಾಕಿಸಿತ್ತು; ಆಯುಧ ತಂದವರ ಹೆಸರು ಕೇಳದೆ, ಅವರ ಕಣ್ಣೆದುರೇ ಸೈನಿಕರು ಅದನ್ನು ಗರಗಸದಿಂದ ಕತ್ತರಿಸುತ್ತಿದ್ದರು.

"ಏನಕ್ಕಾ, ಬುಟ್ಟಿ ನೋಡಿ ಸಿಪಾಯಿಗೆ ಊಟ ತಂದಿದ್ದೀಯ ಅಂದ್ಕೊಂಡೆ," ಎಂದು ಸಾಲಿನಲ್ಲಿದ್ದ ನೆರೆಯವಳು ನಕ್ಕಳು. ಎವುಲಾಲಿಯಾ ನಗಲಿಲ್ಲ. ನಬೋರ್ ತನ್ನ ತಮ್ಮನನ್ನು ಕೊಂದವನನ್ನು ಈ ದಿನವೇ ಮುಗಿಸುವುದಾಗಿ ಆಣೆಯಿಟ್ಟಿದ್ದ.

ಸೈನಿಕ ಪಿಸ್ತೂಲನ್ನು ಬಿಚ್ಚಿ ನೋಡಿದ. "ಇದರಲ್ಲಿ ಗುಂಡೇ ಇಲ್ವಲ್ಲಮ್ಮಾ."

"ಅವು ನನ್ನ ಹತ್ರ ಇವೆ." ನಬೋರ್ ಗೇಟು ದಾಟಿ ಬರುತ್ತಿದ್ದ, ಅವನ ಕೈ ಜೇಬಿನಲ್ಲಿತ್ತು. "ಅದು ನಂದು. ಕೊಡಮ್ಮ."

ಎವುಲಾಲಿಯಾ ಅಳಲಿಲ್ಲ, ಅಂಗಲಾಚಲಿಲ್ಲ. ಗರಗಸ ಇಳಿಯಬೇಕಾದ ಜಾಗದಲ್ಲೇ, ಪಿಸ್ತೂಲಿನ ಮೇಲೆ, ತನ್ನ ಬರಿಗೈಯನ್ನು ಊರಿದಳು. "ಮೊದ್ಲು ನನ್ನ ಕೈ ತೆಗಿ, ಮಗಾ. ಆಮೇಲೆ ತಗೋ."

ಬೆರಳ ಸಂದಿಗಳಲ್ಲಿ ಮೆಕ್ಕೆಜೋಳದ ಹಿಟ್ಟು ಒಣಗಿದ್ದ ಆ ಕೈ ಅಲ್ಲಿಂದ ಕದಲಲಿಲ್ಲ. ನೋಡುತ್ತಿದ್ದ ಸೈನಿಕ ತನಗರಿವಿಲ್ಲದೆ ಟೋಪಿ ತೆಗೆದ. ನಬೋರನ ಮುಷ್ಟಿ ಜೇಬಿನಿಂದ ಹೊರಬಂದು ತೆರೆಯಿತು. ಗುಂಡುಗಳು ಬಟ್ಟೆಯ ಮೇಲೆ ಉರುಳಿದವು. ಅವನು ತಾಯಿಯ ಕೈಯನ್ನು, ಮಲಗಿದ ಕೂಸನ್ನು ಎತ್ತುವಂತೆ, ಎರಡೂ ಕೈಗಳಿಂದ ಎತ್ತಿ ಎದೆಗೆ ಹಿಡಿದುಕೊಂಡ.

"ಈಗ ಕತ್ತರಿಸಿ," ಎಂದ.