ಶನಿವಾರದ ರಜೆ

"ಸಹಿ ಒಂದ್ ಹಾಕಿ ಅತ್ತಿಗೆ. ಉಳದದ್ ನಾ ಕಾಣ್ತೆ."

ವಿನಯಾಳ ಗಂಡ ಅಜಿತನ ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ಬೆಳಿಗ್ಗೆ. ಬಾಡಿಗೆಯ ಪಾತ್ರೆ, ಕುರ್ಚಿ ವಾಪಸು ಹೋಗಿದ್ದವು. ಹಾಲಿನವನು ಎಂದಿನಂತೆ ಬಂದು ಹೋಗಿದ್ದ. ಮೈದುನ ಯೋಗೀಶ್ ಪೊಲೀಸರಿಗೆ ಕೊಡುವ ದೂರನ್ನು ವಿನಯಾಳ ಚಹಾದ ಲೋಟದ ಪಕ್ಕ ಇಟ್ಟ.

ಅವಳು ಓದಿದಳು. ಮುಂಬೈಯ ಯಹೂದಿಗಳು ತಮ್ಮ ಮಕ್ಕಳಿಗಾಗಿ ಹಂಗಾರಕಟ್ಟೆಯಲ್ಲಿ ನಡೆಸುತ್ತಿದ್ದ ಬೇಸಿಗೆ ಶಿಬಿರ. ಹಗಲು ರಾತ್ರಿ ಮಕ್ಕಳ ಜೊತೆಗಿರುವವರು ಇಬ್ಬರು: ಅಜಿತ್ ಮತ್ತು ತಿರ್ಝಾ. ಆ ಭಾನುವಾರ ದೋಣಿ ಹತ್ತುವಾಗ ಲೈಫ್ ಜಾಕೆಟ್ ಒಂದು ಕಡಿಮೆ ಬಿತ್ತು. ಅಜಿತ್ ತನ್ನದನ್ನು ಬಿಚ್ಚಿ ಒಬ್ಬ ಹುಡುಗಿಗೆ ತೊಡಿಸಿದ. ಅಳಿವೆಯ ಬಳಿ ದೋಣಿ ಮಗುಚಿತು. ಮಕ್ಕಳೆಲ್ಲ ತೇಲಿ ಉಳಿದರು; ಅಜಿತ್ ಮುಳುಗಿದ. ಜಾಕೆಟ್‌ಗಳ ಹೊಣೆ ತಿರ್ಝಾಳದು.

"ಆ ಹೆಣ್ಣ್ ಜೈಲಿಗ್ ಹೋಯ್ಕ್" ಎಂದರು ಅತ್ತೆ ಸರಸಮ್ಮ. "ಶುಕ್ರವಾರ ಇಂವ ಹೊರಡುವತಿಗೆ ಗೇಟಿನ ತನಕ ಬತ್ತಿತ್ತಂಬ್ರ್. ಎಂತಾ ಸಲಿಗೆ!"

ವಿನಯಾ ದೂರನ್ನು ಮಡಚಿಟ್ಟಳು. ಶನಿವಾರ ಯಹೂದಿಗಳ ವಿಶ್ರಾಂತಿಯ ದಿನ; ಆ ಶಿಬಿರದಲ್ಲಿ ಎಲ್ಲ ಕೆಲಸವೂ ನಿಷಿದ್ಧ. ದೋಣಿ ಇಲ್ಲ, ನೀರಿಗಿಳಿಯುವುದಿಲ್ಲ. ಹಾಗಾಗಿ ಅಜಿತ್ ಶುಕ್ರವಾರ ಸಂಜೆಯೇ ಹೆಮ್ಮಾಡಿಯ ಮನೆಗೆ ಬಂದು, ಭಾನುವಾರ ಬೆಳಿಗ್ಗೆ ಹೋಗುತ್ತಿದ್ದ. ಶನಿವಾರ ಗಂಡ ಹೆಂಡತಿ ತಲ್ಲೂರು ಪೇಟೆಗೆಂದು ಹೊರಟು ಬರಿಗೈಯಲ್ಲಿ ಮರಳುತ್ತಿದ್ದರು. "ಪೇಟಿಗ್ ಹೋದ್ರೆ ತಲಿ ಎಂತಕ್ ಒದ್ದಿ?" ಎಂದು ಅತ್ತೆ ಒಮ್ಮೆ ಕೇಳಿದ್ದೂ ಉಂಟು. ಅಜಿತ್ ನಕ್ಕುಬಿಟ್ಟಿದ್ದ.

ಅವಳು ಒಳಗೆ ಹೋಗಿ ಕಪಾಟಿನ ಮೇಲಿಂದ ಚೀಲವೊಂದನ್ನು ಇಳಿಸಿದಳು. ಉಬ್ಬಿದ ಚೀಲ, ತೂಕವಿಲ್ಲ.

"ಮೊದ್ಲ್ ಹಂಗಾರಕಟ್ಟಿಗ್ ಹೋಯ್ ಬತ್ತೆ. ಶಿಬಿರದವ್ರದ್ದ್ ಒಂದ್ ಇಲ್ಲೇ ಉಳ್ದಿತ್ತ್."

"ಅಂಗಿಯಾ?" ಯೋಗೀಶ್ ಕೇಳಿದ.

"ಮೈಗ್ ಹಾಕೂದೇ."

"ಹೋಗ್. ಅದ್ರ ಮೋರಿಗ್ ಉಗ್ದೇ ಬಾ" ಎಂದರು ಅತ್ತೆ.

ಶಿಬಿರದ ಮನೆ ಖಾಲಿಯಾಗಿತ್ತು. ಮಕ್ಕಳನ್ನು ಹೆತ್ತವರು ಮರುದಿನವೇ ಕರೆದೊಯ್ದಿದ್ದರು. ಪೊಲೀಸರು ಊರು ಬಿಡಬೇಡ ಎಂದಿದ್ದರಿಂದ ತಿರ್ಝಾ ಒಬ್ಬಳೇ ಉಳಿದಿದ್ದಳು. ಇಪ್ಪತ್ತರ ಆಸುಪಾಸಿನ ಹುಡುಗಿ, ಜಗಲಿಯ ನೆಲದ ಮೇಲೆ ಕುಳಿತಿದ್ದಳು. ಅಂಗಿ ಕೊರಳ ಬಳಿ ಹರಿದಿತ್ತು. ತೀರಾ ಹತ್ತಿರದವರು ಸತ್ತರೆ ಅವರಲ್ಲಿ ಹಾಗೆ ಹರಿದುಕೊಳ್ಳುತ್ತಾರೆಂದು ಅಜಿತ್ ಹೇಳಿದ್ದ.

ವಿನಯಾ ಆ ಹರಿದ ಜಾಗವನ್ನೇ ನೋಡಿದಳು. ತನ್ನ ಸೀರೆ ಎಲ್ಲೂ ಹರಿದಿರಲಿಲ್ಲ. ಅತ್ತದ್ದೂ ಇಲ್ಲ.

"ನನಗೆ ಸ್ವಂತ ಅಣ್ಣನಿಲ್ಲ, ಅವರೇ ಆಗಿದ್ದರು" ಎಂದಳು ತಿರ್ಝಾ, ಮುಂಬೈಯ ಹಿಂದಿಯಲ್ಲಿ, ಕೇಳದಿದ್ದರೂ. ಆಮೇಲೆ ಒಂದೇ ಉಸಿರಿಗೆ: "ಶುಕ್ರವಾರ ಮಧ್ಯಾಹ್ನ ಜಾಕೆಟ್ ಎಣಿಸಿದ್ದೆ ಭಾಭಿ. ಎಲ್ಲ ಇದ್ದವು. ಯಾರೂ ನಂಬುವುದಿಲ್ಲ. ಈಗೀಗ ನನಗೇ ನಂಬಿಕೆ ಬರುತ್ತಿಲ್ಲ. ನಾನೇ ಕೊಂದೆನಾ?"

"ಕಡಿಮೆ ಬಿದ್ದಾಗ ಅವರು ಏನೆಂದರು?"

"ನಕ್ಕರು. 'ಹುಡುಕಬೇಡ, ಎಲ್ಲಿಗೂ ಹೋಗಿಲ್ಲ, ಸಂಜೆಗೆ ಬರುತ್ತದೆ' ಎಂದರು. ಏನರ್ಥವೋ!"

ದೂರದಲ್ಲಿ ಯಾರೋ ದೋಣಿಗೆ ಮೊಳೆ ಹೊಡೆಯುತ್ತಿದ್ದರು. ವಿನಯಾ ಅವಳೆದುರು ನೆಲದ ಮೇಲೆ ಕುಳಿತಳು.

"ನೀನು ಸರಿಯಾಗಿಯೇ ಎಣಿಸಿದ್ದೆ" ಎಂದು ಚೀಲ ಬಿಚ್ಚಿದಳು.

ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ಶನಿವಾರಗಳಂದು ಅಜಿತನಿಂದ ಕಲಿಯುತ್ತಿದ್ದ ಈಜಿನ ಹಟದಲ್ಲಿ ಅವಳು "ಇವತ್ತೊಂದ್ ದಿನ ಇಲ್ಲೇ ಇರ್ಲಿ, ಸಂಜಿಗ್ ನಾನೇ ತಂದ್ ಕೊಡ್ತೆ" ಎಂದು ಆ ಭಾನುವಾರ ಅಜಿತನ ಕೈಯಿಂದ ಕಸಿದಿಟ್ಟುಕೊಂಡದ್ದು. ಅದರ ಪಟ್ಟಿಗಳು ಇನ್ನೂ ಅವಳ ಸೊಂಟದ ಅಳತೆಗೇ ಬಿಗಿದಿದ್ದವು.