ಐವತ್ತೆಂಟು ಮೀಟರ್

ನಾರ್ವೆಯ ಆ ಜಿಲ್ಲೆಯಲ್ಲಿ ಡಿಸ್ಕಸ್ ಎಸೆತದ ದಾಖಲೆ ಇಪ್ಪತ್ತಾರು ವರ್ಷಗಳಿಂದ ಐವಿಂದನದೇ: ಐವತ್ತೆಂಟು ಮೀಟರ್. ಎಸೆಯುವುದನ್ನು ಬಿಟ್ಟು ಕೋಚ್ ಆದ ಮೇಲೆ ಅವನಿಗೆ ಸಾಕುಸಾಕಾಗಿತ್ತು. ಪಳಗಿಸಿದವರೆಲ್ಲ ಐವತ್ತಾರು, ಹೆಚ್ಚೆಂದರೆ ಐವತ್ತೇಳರಲ್ಲಿ ನಿಂತುಬಿಡುತ್ತಿದ್ದರು. "ನಿನ್ನ ಕೈಲಾಗೋಲ್ಲ" ಎಂದು ಒಬ್ಬೊಬ್ಬರನ್ನೇ ಮನೆಗೆ ಕಳಿಸಿದ್ದ. ಉಳಿದವನು ರೂನೆ ಒಬ್ಬನೇ.

ಪಂದ್ಯದ ದಿನ ಐವಿಂದ್ ಬೀರುವಿನಲ್ಲಿದ್ದ ತನ್ನ ಹಳೆಯ ಡಿಸ್ಕಸ್ ತಂದುಕೊಟ್ಟ.

"ಆ ದಾಖಲೆ ಮಾಡಿದ್ದು ಇದರಲ್ಲೇ. ಇವತ್ತು ನೀನು ಅದನ್ನ ಮುರಿದುಬಿಡು ಮಾರಾಯ. ಆಮೇಲೆ ನಾನು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗ್ತೀನಿ."

"ಮೊದಲು ತೂಕಕ್ಕೆ ಕೊಡಬೇಕು, ಕೋಚ್. ಎರಡು ಕೆಜಿ ಇದೆಯಾ ಅಂತ ನೋಡ್ತಾರೆ."

"ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಸುಮ್ನೆ ಎಸೆದು ಬರ್ತಿದ್ವಿ. ಹೋಗು, ತೋರಿಸ್ಕೊಂಡು ಬಾ."

ರೂನೆ ವಾಪಸು ಬಂದಾಗ ಐವಿಂದ್ ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದ. ಶಿಷ್ಯ ಆ ಡಿಸ್ಕಸ್ಸನ್ನು ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ಸೇರಿಸಿದ.

"ಯಾಕೋ?"

"ನೂರು ಗ್ರಾಂ ಕಡಿಮೆ ಇದೆಯಂತೆ."

"ಹಳೇದಲ್ವಾ. ಸವೆದಿರಬೇಕು."

"ಸವೆದದ್ದಲ್ಲವಂತೆ. ಮಾಡಿದಾಗಲೇ ಹೀಗಿತ್ತು ಅಂದ್ರು."

ಮಂಡಿಯ ಮೇಲಿದ್ದ ಐವಿಂದನ ಕೈ ಅಲ್ಲೇ ನಿಂತಿತು.

"ಯಾರದು ಅಂತ ಕೇಳಿದ್ರಾ?"

ರೂನೆ ಬಗ್ಗಿ ಬೂಟಿನ ದಾರ ಬಿಗಿಯುತ್ತಿದ್ದ. ತಲೆ ಎತ್ತಲಿಲ್ಲ.

"ಕೇಳಿದ್ರು. ನಂದೇ ಅಂದೆ."