ಆ ನಗುವಿನ ತಪ್ಪು

ಅಂದು ಬೆಳಿಗ್ಗೆ ಜೋಳದ ಹೊಲಗಳ ಮೇಲೆ ಅಕ್ಟೋಬರ್ ತಿಂಗಳ ಮಂಜು ಹಾಲಿನ ಕೆನೆಯಂತೆ ಕಟ್ಟಿತ್ತು. ಅದು ಕರಗುವುದರೊಳಗೆ ಪೇಟೆ ಮುಟ್ಟಬೇಕೆಂದು ಸುವಿಲ್ಲಾ ಅಪ್ಪನನ್ನು ಅವಸರಪಡಿಸಿದ್ದಳು. ಮಂಜಿನಲ್ಲಿ ಮುಖ ಕಾಣುವುದಿಲ್ಲ. ಆದರೆ ಕುದುರೆಗಾಡಿ ದೊಡ್ಡ ರಸ್ತೆ ಹತ್ತುವಾಗಲೇ ಬಿಸಿಲು ಬಿತ್ತು. ಹಿಂದಿನಿಂದ ಬಂದ ಕಾರೊಂದು ನಿಧಾನಿಸಿತು. ಕಿಟಕಿಯಿಂದ ಫೋನು ಹೊರಗೆ ಚಾಚಿತು.

"ಒಂದೇ ಒಂದು ಫೋಟೋ ಕಣಮ್ಮ, ಈ ಕಡೆ ನೋಡಿ."

ಸುವಿಲ್ಲಾ ಕುಲಾವಿಯ ಅಂಚನ್ನು ಎಳೆದುಕೊಂಡು ಮುಖ ತಿರುಗಿಸಿದಳು. ಲಗಾಮು ಹಿಡಿದಿದ್ದ ಅಪ್ಪ ಎಲಮ್ ಹೇಳಿದ: "ಕುದುರೇದು ತಕ್ಕೊಳ್ಳಿ. ಅದಕ್ಕೆ ಚರ್ಚ್ ಸಭೆಯ ಭಯ ಇಲ್ಲ."

ಕಾರು ಮುಂದೆ ಹೋಯಿತು. ಅವಳು ಮಾತ್ರ ಕುಲಾವಿಯ ಅಂಚನ್ನು ಬಿಡಲಿಲ್ಲ.

ಹೋದ ವಾರ ಪೇಟೆಯ ಕಾಫಿ ಅಂಗಡಿಯ ಗೋಡೆಗೆ ಒಂದು ಕಪ್ಪು ಬಿಳುಪಿನ ಫೋಟೋ ಬಂದಿತ್ತು. ಒಂದು ಬೇಲಿ, ಒಂದಿಷ್ಟು ಆಕಾಶ, ಬೇಲಿಗೆ ಒರಗಿದ ಆಮಿಶ್ ಪಂಥದ ಹೆಣ್ಣು. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ನೇರ ಎದುರಿಗೆ ನೋಡುತ್ತ, ಬಾಯಿ ತುಂಬ ನಗುತ್ತಿದ್ದಳು. ಅದೇ ಕುಲಾವಿ, ಗುಂಡಿಯಿಲ್ಲದೆ ಗುಂಡುಸೂಜಿ ಚುಚ್ಚಿದ ಅದೇ ಉಡುಪು, ಗದ್ದದ ಅದೇ ಕುಳಿ. ಯಾರು ನೋಡಿದರೂ ಸುವಿಲ್ಲಾ. ಅವಳೇ ಹೋಗಿ ನೋಡಿದಳು, ಅವಳಿಗೂ ಸುವಿಲ್ಲಾ. ಅಂಗೈಯಗಲದ ಕನ್ನಡಿಯಲ್ಲಿ ತನ್ನನ್ನು ತುಂಡು ತುಂಡಾಗಿ ಕಂಡವಳು ಇಡಿಯಾಗಿ ಕಂಡದ್ದು ಅದೇ ಮೊದಲು. ಯಾವಾಗ ನಿಂತೆ? ಯಾವಾಗ ಹೀಗೆ ನಕ್ಕೆ? ನೆನಪಿನ ಮೂಲೆ ಮೂಲೆ ಗುಡಿಸಿದರೂ ಸಿಗಲಿಲ್ಲ.

ಮನುಷ್ಯನ ಮುಖ ದೇವರು ಬರೆದದ್ದು; ಅದನ್ನು ಮತ್ತೊಮ್ಮೆ ಬರೆಸಿಕೊಳ್ಳುವುದು ಹಳೆಯ ಕಟ್ಟಳೆ ಬಿಡದ ಆ ಕ್ರೈಸ್ತ ಜನಕ್ಕೆ ಸಲ್ಲದು. ತಿಳಿಯದಂತೆ ಫೋಟೋ ತೆಗೆದರೆ ತೆಗೆದವನ ಪಾಪ, ಕ್ಯಾಮೆರಾ ನೋಡಿ ನಿಂತರೆ ನಿಂತವಳ ಪಾಪ. ಬರುವ ಭಾನುವಾರ ಪ್ರಭುಭೋಜನ. ಅದಕ್ಕೆ ಮುಂಚೆ ಅವಳು ಸಭೆಯ ನಡುವೆ ಮೊಣಕಾಲೂರಿ ತಪ್ಪೊಪ್ಪಿಕೊಳ್ಳಬೇಕು. ಇಲ್ಲವೆ ರೊಟ್ಟಿ, ದ್ರಾಕ್ಷಾರಸ ಎರಡಕ್ಕೂ ಹೊರಗು. ಮಾಡದ ತಪ್ಪನ್ನು ಒಪ್ಪಿಕೊಂಡರೆ ದೇವರೆದುರು ಸುಳ್ಳಾಡಿದಂತೆ. ಇದು ಅವಳ ನಿದ್ದೆ ಕೆಡಿಸಿತ್ತು.

"ನಾ ನಿಂತಿಲ್ಲ ಅಂತೀಯ," ಎಂದಿದ್ದ ಬಿಷಪ್ ಆಬ್ನರ್. ಬೇರೆ ಕಣಿವೆಯಿಂದ ಬಂದು ನೆಲೆಸಿದ ಹರೆಯದ ಬಿಷಪ್ ಅವನು. "ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಮ್ಮ? ಕಣ್ಣು ನೆಟ್ಟಗೆ ಕ್ಯಾಮೆರಾ ನೋಡ್ತಿದೆ."

ಮೂಲೆಯಲ್ಲಿ ಕೂತಿದ್ದ ಎಲಮ್ ಆಗ ಬಾಯಿ ಬಿಟ್ಟಿದ್ದ. "ಆ ನಗುವಿನ ತಪ್ಪು ನನ್ನದು. ಅವಳದ್ದಲ್ಲ. ಮೊಣಕಾಲೂರೋನು ನಾನು."

"ತಾಯಿಯಿಲ್ಲದ ಮಗು ಅಂತ ಮುದ್ದು ಮಾಡಿದೀರಿ, ಎಲಮಣ್ಣ. ಬೆಳೆದ ಮಗಳ ತಪ್ಪಿಗೆ ಅಪ್ಪ ಮೊಣಕಾಲೂರಕ್ಕಾಗಲ್ಲ."

ಆ ಊರಲ್ಲಿ ಎಲಮ್ ಹೆಸರಿನವರು ಬೇಕಾದಷ್ಟು. ಹುಂಜದ ಎಲಮ್ ಎಂದರೆ ಇವನೇ. ಅಳುವ ಮಕ್ಕಳ ಮುಂದೆ ಕತ್ತು ನೀಡಿ ಕೂಗಿದನೆಂದರೆ ಹೇಂಟೆಗಳೇ ಮೋಸಹೋಗಬೇಕು. ಅಂಥವನು ಅಂಗಡಿಗೆ ಒಬ್ಬನೇ ಹೋಗಿ ಆ ಫೋಟೋ ನೋಡಿ ಬಂದ ದಿನದಿಂದ ಅರ್ಧ ತಟ್ಟೆ ಬಿಟ್ಟು ಏಳುತ್ತಿದ್ದ. ಮಗಳಿಂದಾದ ನಾಚಿಕೆಗೆ ಅವನಿಗೆ ಊಟ ಸೇರುತ್ತಿಲ್ಲ ಎಂದುಕೊಂಡಿದ್ದಳು ಸುವಿಲ್ಲಾ.

"ಅಪ್ಪ," ಎಂದಳು ಗಾಡಿಯಲ್ಲಿ, "ಊರಿನವರ ಮಾತು ಬಿಡು. ನೀನಾದರೂ ನನ್ನ ನಂಬ್ತೀಯಾ?"

"ನಂಬೋದೇನು ಬಂತು. ನನಗೆ ಗೊತ್ತು."

"ಹೇಗೆ ಗೊತ್ತು?"

ಎಲಮ್ ಕುದುರೆಗೆ ನಾಲಿಗೆ ಲೊಚಗುಟ್ಟಿದ. ಅಂಗಡಿಯ ಮುಂದೆ ಇಳಿದವನು ಕುದುರೆಯ ಕತ್ತು ಸವರುತ್ತ ಹೊರಗೇ ನಿಂತ. "ನೀ ಹೋಗಿ ಕೇಳ್ಕೊಂಡು ಬಾ. ನನ್ನ ಬಾಯಲ್ಲಿ ಅದು ಬರಲ್ಲ, ಇನ್ನೊಂದ್ಸಲ ಅದನ್ನ ನೋಡೋಕೂ ಆಗಲ್ಲ."

ಅಂಗಡಿ ಲೊವೆಲ್ ಎಂಬ ಮುದುಕನ ಮಗಳದು. ಫೋಟೋ ತೆಗೆದವನು ಲೊವೆಲ್. ಫೋಟೋದ ಕೆಳಗಿನ ಮೇಜಿನಲ್ಲಿ ಕೂತು, ನಡುಗುವ ಎರಡು ಕೈಯಲ್ಲಿ ಬಟ್ಟಲು ಹಿಡಿದು, ತುಳುಕಿಸಿಕೊಂಡು ಕಾಫಿ ಕುಡಿಯುತ್ತಿದ್ದ. ಸುವಿಲ್ಲಾ ಅವನೆದುರು ನಿಂತಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಒಂದೇ ಉಸಿರಿಗೆ ಬಿಚ್ಚಿದಳು.

"ನೀವು ನನ್ನ ಕೇಳಲಿಲ್ಲ. ಕದ್ದು ತೆಗೆದಿರಿ. ನಮ್ಮ ಬಿಷಪ್ ಹತ್ರ ಬಂದು ಅದನ್ನ ಹೇಳಿ. ನನ್ನ ಮುಖ ನನಗೆ ವಾಪಸ್ ಕೊಡಿ."

ಮುದುಕ ತಲೆಯೆತ್ತಿದ. ಬಟ್ಟಲು ಕೆಳಗಿಟ್ಟ. ಅವಳನ್ನು ನೋಡಿದ, ಗೋಡೆ ನೋಡಿದ, ಮತ್ತೆ ಅವಳನ್ನು ನೋಡಿದ.

"ಕೇಳಲಿಲ್ಲ, ನಿಜ," ಎಂದ ಕೊನೆಗೆ. "ಮಾರನೇ ದಿನ ಗಂಡ ಬಂದು ಸುಟ್ಟುಬಿಡಿ ಅಂದರು. ಹೂಂ ಅಂದೆ. ಅಂಥ ನಗು ಸುಡೋಕೆ ಮನಸ್ಸು ಬರಲಿಲ್ಲ, ಪೆಟ್ಟಿಗೇಲಿ ಮುಚ್ಚಿಟ್ಟೆ. ಮೊನ್ನೆ ಮಗಳು ಪೆಟ್ಟಿಗೆ ತೆಗೆದು ಗೋಡೆಗೆ ಹಾಕಿಬಿಟ್ಟಳು. ಆದರೆ ಒಂದು ಮಾತು, ಬಿಷಪ್ಪಿಗೂ ಹೇಳ್ತೀನಿ. ಆಕೆ ನನ್ನ ಕ್ಯಾಮೆರಾ ನೋಡಲೇ ಇಲ್ಲ."

"ಮತ್ತೇನು ನೋಡ್ತಿದ್ದೀನಿ ಅಲ್ಲಿ?"

ಲೊವೆಲ್ ಕುರ್ಚಿ ಹಿಡಿದು ಎದ್ದು ಫೋಟೋ ಇಳಿಸಿದ. ಅಂಗಿಯ ತೋಳಿನಿಂದ ಅದನ್ನೊರೆಸಿ ಅವಳ ಕೈಗಿಟ್ಟ. ಕಿಟಕಿಯಾಚೆ, ಕುದುರೆಯ ಪಕ್ಕ ನಿಂತಿದ್ದ ಎಲಮ್‌ನ ಮೇಲೆ ಅವನ ಕಣ್ಣು ನಿಂತಿತು.

"ಅವರು ಈಗಲೂ ಹುಂಜದ ಹಾಗೆ ಕೂಗ್ತಾರಾ, ಮಗಳೇ? ಅವತ್ತು ನನ್ನ ಬೆನ್ನ ಹಿಂದೆ ನಿಂತು ಕೂಗಿದರು. ಅವರನ್ನ ನೋಡಿಯೇ ನಿಮ್ಮಮ್ಮ ನಕ್ಕಿದ್ದು, ಹೊಟ್ಟೆಯೊಳಗಿದ್ದ ನಿನ್ನನ್ನ ಎರಡೂ ಕೈಲಿ ಹಿಡ್ಕೊಂಡು."

ಸುವಿಲ್ಲಾ ಹೊರಗೆ ಬಂದು ಫೋಟೋವನ್ನು ಅಪ್ಪನ ಕೈಗಿಟ್ಟು ಲಗಾಮನ್ನು ತಾನು ತೆಗೆದುಕೊಂಡಳು.